ಅಪ್‌ಡೇಟ್: ಮನೆಯಲ್ಲೇ ಕಟ್ಟಿದ ಬ್ಯಾಂಡ್ ಸಾ ಕೊನೆಗೂ ನೆಟ್ಟಗೆ ಕೊಯ್ಯುತ್ತಿದೆ

ಸಕಲೇಶಪುರದಿಂದ ಮತ್ತೆ ನಾನೇ. ತೋಟದಲ್ಲಿ ಗಾಳಿಗೆ ಬಿದ್ದ ಸಿಲ್ವರ್ ಓಕ್ ಕೊಯ್ಯಲು ಬ್ಯಾಂಡ್ ಸಾ (ಎರಡು ಚಕ್ರಗಳ ಮೇಲೆ ಸುತ್ತುವ ಪಟ್ಟಿ ಗರಗಸ) ಕಟ್ಟಿದ್ದೆ, ಬ್ಲೇಡ್ ಚಕ್ರದಿಂದ ಜಾರುತ್ತಿದೆ, ಹಲಗೆ ಅಲೆ ಅಲೆಯಾಗಿ ಬರುತ್ತಿದೆ ಅಂತ ಕೇಳಿದ್ದೆ ಅಲ್ವಾ?

ಜಾರುವುದು ಸುಲಭಕ್ಕೆ ಸರಿಹೋಯಿತು. ದಾರ ಎಳೆದು ನೋಡಿದರೆ ಎರಡು ಚಕ್ರಗಳು 4 ಮಿ.ಮೀ. ಹಿಂದೆಮುಂದೆ ಇದ್ದವು. ವಾಷರ್ ಹಾಕಿದೆ, ಮುಗಿಯಿತು.

ಅಲೆಯದ್ದೇ ದೊಡ್ಡ ಕತೆ. ನೀವೆಲ್ಲ ಹೇಳಿದ ಹಾಗೆ ಬ್ಲೇಡಿನ ಟೆನ್ಷನ್ (ಬಿಗಿ) ಜಾಸ್ತಿ ಮಾಡಿದೆ, ಬ್ಲೇಡ್ ಅಲುಗದಂತೆ ಹಿಡಿಯುವ ಗೈಡ್ ರೋಲರನ್ನು ದಿಮ್ಮಿಗೆ ಆದಷ್ಟು ಹತ್ತಿರ ತಂದೆ, ಆದರೂ ಬ್ಲೇಡ್ ಮಾತ್ರ ಹಠ ಹಿಡಿದವರ ಹಾಗೆ ಮೇಲಕ್ಕೇ ಹತ್ತುತ್ತಿತ್ತು. ಕೊನೆಗೆ ಬಿಚ್ಚಿ ಬೆರಳಲ್ಲಿ ಮೆಲ್ಲಗೆ ಸವರಿದೆ. ಕೆಳಗೆ ಬಾಗಿದ ಹಲ್ಲುಗಳೆಲ್ಲ ಮೊಂಡು, ಮೇಲಕ್ಕೆ ಬಾಗಿದವು ಚೂಪು. ಒಂದು ಕಡೆ ಮೊಂಡಾದರೆ ಬ್ಲೇಡ್ ಚೂಪಿದ್ದ ಕಡೆಗೇ ಎಳೆಯುತ್ತದೆ. ಕಾರಣ ದಿಮ್ಮಿಯೊಳಗೇ ಇತ್ತು: ಯಾವ ಕಾಲದಲ್ಲೋ ಬೇಲಿ ತಂತಿಗೆ ಹೊಡೆದ ಮೊಳೆ, ಸುತ್ತ ಕಪ್ಪು ಕಲೆ. ಹೊಡೆದದ್ದು ನಾನೇ ಇರಬಹುದು!

ಹೊಸ ಬ್ಲೇಡ್ ಹಾಕಿ, ಸೋಪು ನೀರು ತೊಟ್ಟಿಕ್ಕಲು ಹಳೇ ಡ್ರಿಪ್ ಪೈಪ್ ಕಟ್ಟಿದೆ. ನಿನ್ನೆ 8 ಅಡಿಯ ಆರು ಹಲಗೆ ಬಂದವು, ನೆಟ್ಟಗೆ. ಕೆಲಸ ಮುಗಿದ ಮೇಲೆ ಟೆನ್ಷನ್ ಸಡಿಲ ಮಾಡಿಡುತ್ತಿದ್ದೇನೆ. ಚಕ್ರಗಳಿಗೆ ಮುಚ್ಚಳ ಇನ್ನೂ ಆಗಿಲ್ಲ, ಬೈಯಬೇಡಿ, ಈ ವಾರ ಅದೇ ಕೆಲಸ.