ಸಹಾಯ ಬೇಕು: ಲೈಬ್ರರಿಯಲ್ಲಿ ಮಕ್ಕಳಿಗೆ ಕಥೆ ಓದಲು
ಎಲ್ಲರಿಗೂ ನಮಸ್ಕಾರ. ನಮ್ಮೂರ ಲೈಬ್ರರಿಗೆ ಹೋದ ವಾರ ಎರಡು ರಟ್ಟಿನ ಪೆಟ್ಟಿಗೆ ತುಂಬ ಹೊಸ ಪುಸ್ತಕ ಬಂದಿವೆ. ಮುಕ್ಕಾಲು ಪಾಲು ಪಿಡಿಒ, ಎಫ್‌ಡಿಎ ಪರೀಕ್ಷೆಯ ಗೈಡುಗಳು. ಓದುವ ಹುಡುಗರಿಗೆ ಅವೂ ಬೇಕು, ಸರಿ. ಆದರೆ ಮಕ್ಕಳ ಪುಸ್ತಕ ಎಣಿಸಿದರೆ ಹನ್ನೊಂದು!

ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ ಅಲ್ವಾ? ಪ್ರತಿ ವರ್ಷ ದೀಪ ಹಚ್ಚಿ, ಭಾಷಣ ಕೇಳಿ, ಟೀ ಕುಡಿದು ಎದ್ದು ಬರುತ್ತೇವೆ. ಈ ಸಲ ದಿನಾ ಸಂಜೆ ಒಂದು ಗಂಟೆ ಮಕ್ಕಳಿಗೆ ಕಥೆ ಓದೋಣ ಅಂತ ನಾವು ಮೂವರು ಹೊರಟಿದ್ದೇವೆ. ಗ್ರಂಥಪಾಲಕರು ಒಪ್ಪಿದ್ದಾರೆ. ಜಮಖಾನವೂ ಅವರದೇ.

ಜೋರಾಗಿ ಓದಬಲ್ಲ ಇನ್ನಿಬ್ಬರು ಬೇಕು. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟಿನಲ್ಲಿ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ. ಅವನ್ನು ಎ3 ಹಾಳೆಯಲ್ಲಿ ಪ್ರಿಂಟ್ ಹಾಕಿಸಿದವರು ಯಾರಾದರೂ ಇದ್ದೀರಾ? ಹಿಂದೆ ಕೂತ ಮಗುವಿಗೂ ಚಿತ್ರ ಕಾಣುತ್ತಾ?