ವೇಪ್ ಲಿಕ್ವಿಡ್‌ಗೆ ಫ್ಲೇವರ್ ಎಷ್ಟು ಹಾಕಬೇಕು? 20 ಪರ್ಸೆಂಟ್ ಹಾಕಿದರೂ ಸಪ್ಪೆ

ಸಿಗರೇಟ್‌ಬಿಟ್ಟವ:
ನಮಸ್ಕಾರ. ನಾನು ಇರುವುದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಹದಿನಾಲ್ಕು ವರ್ಷ ಸಿಗರೇಟ್ ಸೇದಿ, ಹೋದ ವರ್ಷ ಬಿಟ್ಟು ವೇಪ್‌ಗೆ (ಇ-ಸಿಗರೇಟ್‌ಗೆ) ಬಂದೆ. 2025ರ ಜೂನ್ 1ರಿಂದ ಇಲ್ಲಿ ಬಳಸಿ ಬಿಸಾಡುವ ವೇಪ್ ಮಾರುವ ಹಾಗಿಲ್ಲ, ಅದಕ್ಕೆ ಲಿಕ್ವಿಡ್ ತುಂಬಿಸಿಕೊಳ್ಳುವ ಪುಟ್ಟ ವೇಪ್, ಅಂದರೆ ಪಾಡ್ ತಗೊಂಡೆ. ಲಿಕ್ವಿಡ್ ಖರ್ಚು ನೋಡಿ ಮನೆಯಲ್ಲೇ ಕಲಸೋಣ ಅಂತ ಹೊರಟೆ.

ಮಾಡಬೇಕು ಅಂದುಕೊಂಡಿದ್ದು ಸ್ಟ್ರಾಬೆರಿ ಕಸ್ಟರ್ಡ್. ಫ್ಲೇವರ್ ಬಾಟಲಿ ಮೇಲೆ ಎಷ್ಟು ಹಾಕಬೇಕು ಅಂತ ಬರೆದಿರಲಿಲ್ಲ. ಅಂಗಡಿಯವನನ್ನು ಕೇಳಿದೆ, "ಎಲ್ಲಕ್ಕೂ 20 ಪರ್ಸೆಂಟ್ ಹಾಕಿ" ಅಂದ. ಹಾಕಿದೆ. ಮೊದಲ ಎರಡು ಎಳೆತ ಸೋಪಿನ ನೀರು ಕುಡಿದ ಹಾಗೆ, ಆಮೇಲೆ ರುಚಿಯೇ ಇಲ್ಲ. ಸರಿ, ಕಮ್ಮಿ ಆಯ್ತೇನೋ ಅಂತ ಇನ್ನೊಂದು ಬಾಟಲಿಗೆ 25 ಹಾಕಿದೆ. ಅದು ಇನ್ನೂ ಸಪ್ಪೆ, ಜೊತೆಗೆ ಗಂಟಲು ಕೆರೆತ ಬೇರೆ! ಈಗ 100 ಎಂಎಲ್‌ನ ಎರಡು ಬಾಟಲಿ ಸುಮ್ನೆ ಕೂತಿವೆ. ಎಲ್ಲಿ ಎಡವಿದೆ?

ತಕ್ಕಡಿ:
ಕಮ್ಮಿ ಆಗಿದ್ದಲ್ಲ, ಜಾಸ್ತಿ ಆಗಿದ್ದು. ಲಾಡುಗೆ ಪಚ್ಚಕರ್ಪೂರ ಹಾಕುತ್ತಾರಲ್ಲ, ಚಿಟಿಕೆ ಹಾಕಿದರೆ ಘಮ, ಚಮಚ ಹಾಕಿದರೆ ಬಾಯಿಗಿಡೋಕೆ ಆಗಲ್ಲ. ಇದೂ ಹಾಗೇ. ಒಂದೇ ವಾಸನೆ ಜೋರಾಗಿ ಬರುತ್ತಾ ಇದ್ದರೆ ಮೂಗು ಅದನ್ನು ಗಮನಿಸುವುದನ್ನೇ ಬಿಟ್ಟುಬಿಡುತ್ತದೆ. ನಿಮಗೆ ಸಪ್ಪೆ ಅನ್ನಿಸಿದ್ದು ಅದಕ್ಕೇ. ಗಂಟಲು ಕೆರೆತಕ್ಕೂ ಕಾರಣ ಇದೆ: ಹೆಚ್ಚಿನ ಫ್ಲೇವರ್‌ಗಳನ್ನು ಪಿಜಿಯಲ್ಲಿ (ಪ್ರೊಪಿಲೀನ್ ಗ್ಲೈಕಾಲ್, ಗಂಟಲಿಗೆ ಬಡಿಯುವ ತೆಳು ದ್ರವ) ಕರಗಿಸಿರುತ್ತಾರೆ, ಕಾಲು ಭಾಗ ಫ್ಲೇವರ್ ಸುರಿದರೆ ನೀವು ಅಳೆದು ಇಟ್ಟ ಪಿಜಿ-ವಿಜಿ (ವಿಜಿ ಅಂದರೆ ಗ್ಲಿಸರಿನ್, ಮಂದ ದ್ರವ) ಲೆಕ್ಕವೇ ಕೆಡುತ್ತದೆ.

ಅಂಗಡಿಯವನು ಹೇಳಿದ 20, ಬಹುಶಃ ಒನ್-ಶಾಟ್ ಲೆಕ್ಕ. ಅಂದರೆ ಹಲವು ಫ್ಲೇವರ್ ಮೊದಲೇ ಬೆರೆಸಿ ಕೊಟ್ಟಿರುವುದು, ಅದಕ್ಕೆ 10ರಿಂದ 20 ಹಾಕುವುದುಂಟು. ಬಿಡಿ ಫ್ಲೇವರ್‌ಗೆ ಅದು ನಡೆಯಲ್ಲ. ಅದರಲ್ಲೂ ಕಂಪನಿಯಿಂದ ಕಂಪನಿಗೆ ಲೆಕ್ಕ ಬೇರೆ. ಟಿಎಫ್‌ಎ, ಕ್ಯಾಪೆಲ್ಲಾ ಇಂಥವನ್ನು ಸಾಮಾನ್ಯವಾಗಿ 4ರಿಂದ 8 ಪರ್ಸೆಂಟ್ ಹಾಕುತ್ತಾರೆ. ಫ್ಲೇವರ್‌ಆರ್ಟ್, ಇನಾವೆರಾ ಗಟ್ಟಿ ಸರಕು, 1ರಿಂದ 3 ಸಾಕು. ಕೂಲಿಂಗ್‌ಗೆ ಹಾಕುವ ಡಬ್ಲ್ಯೂಎಸ್-23 ಅರ್ಧ ಪರ್ಸೆಂಟ್‌ನಿಂದ ಶುರು ಮಾಡಿ. ಬೇರೆ ಕಂಪನಿಯ ಬಾಟಲಿಗೆ ಬರೆದ ರೆಸಿಪಿಯ ಸಂಖ್ಯೆಯನ್ನು ನಿಮ್ಮ ಬಾಟಲಿಗೆ ಹಾಕಿದರೆ ಕೆಡುವುದು ಗ್ಯಾರಂಟಿ.

ನನ್ನ ಮಾತು ಕೇಳಿದರೆ, ಮಿಕ್ಸಿಂಗ್ ಆಮೇಲೆ. ಮೊದಲು ಸ್ಟ್ರಾಬೆರಿ ಒಂದನ್ನೇ ತಗೊಂಡು 10 ಎಂಎಲ್‌ನ ಮೂರು ಬಾಟಲಿ ಮಾಡಿ, 2, 4, 6 ಪರ್ಸೆಂಟ್. ನಿಕೋಟಿನ್ ಬೇಡ. ಹನಿ ಎಣಿಸಬೇಡಿ, ಹನಿಯ ಗಾತ್ರ ಬಾಟಲಿಯ ಮೂತಿ ಮೇಲೆ ಹೋಗುತ್ತದೆ. 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಇಟ್ಟುಕೊಳ್ಳಿ (ಹೆಸರೇ ತಕ್ಕಡಿ, ಇನ್ನೇನು ಹೇಳಲಿ). 10 ಎಂಎಲ್‌ಗೆ 4 ಪರ್ಸೆಂಟ್ ಅಂದರೆ ಸುಮಾರು 0.4 ಗ್ರಾಂ. ಆದರೆ ವಿಜಿ ಭಾರ, ಒಂದು ಎಂಎಲ್ 1.26 ಗ್ರಾಂ ತೂಗುತ್ತದೆ, ಅದನ್ನು ಮರೆಯಬೇಡಿ.

ಕಾಫಿಪುಡಿ:
ತಕ್ಕಡಿ ಅವರು ಹೇಳಿದ್ದು ಸರಿ, ಒಂದು ಸೇರಿಸುತ್ತೇನೆ. ಕಲಸಿದ ದಿನವೇ ಕಸ್ಟರ್ಡ್ ಬಗ್ಗೆ ತೀರ್ಪು ಕೊಡಬೇಡಿ. ಹಣ್ಣಿನ ಫ್ಲೇವರ್ ಒಂದೆರಡು ದಿನದಲ್ಲಿ ಕೂಡಿಕೊಳ್ಳುತ್ತದೆ, ಕಸ್ಟರ್ಡ್‌ಗೆ ಎರಡರಿಂದ ನಾಲ್ಕು ವಾರ ಬೇಕು, ಉಪ್ಪಿನಕಾಯಿ ಹಾಕಿದ ಮರುದಿನ ರುಚಿ ನೋಡಿ ಬೈದರೆ ಹೇಗೆ? ತೊಂದರೆ ಏನೆಂದರೆ ಕಸ್ಟರ್ಡ್ ಏಳುವಷ್ಟರಲ್ಲಿ ಸ್ಟ್ರಾಬೆರಿ ಮಂಕಾಗುತ್ತದೆ. ಅದಕ್ಕೆ ನಾನು ಸ್ಟ್ರಾಬೆರಿಯನ್ನು ಒಂದು ಪರ್ಸೆಂಟ್ ಜಾಸ್ತಿಯೇ ಹಾಕುತ್ತೇನೆ.

ಪಾಡ್‌ನಲ್ಲಿ ಹೊಗೆ ಕಮ್ಮಿ, ಹಾಗಾಗಿ ಫ್ಲೇವರ್ ತುಸು ಜಾಸ್ತಿ ಬೇಕಾಗಬಹುದು. ಹೊಗೆ ಜಾಸ್ತಿ ಬಿಡುವ ದೊಡ್ಡ ಸಬ್-ಓಮ್ ಟ್ಯಾಂಕಿಗೆ ಅದೇ ಲಿಕ್ವಿಡ್ ತೀರಾ ಜೋರಾಗುತ್ತದೆ. ಇನ್ನು ಸಿಹಿಗೆ ಅಂತ ಸುಕ್ರಲೋಸ್ ಸುರಿಯಬೇಡಿ, ಎರಡೇ ದಿನಕ್ಕೆ ಕಾಯಿಲ್ (ಲಿಕ್ವಿಡ್ ಕಾಯಿಸುವ ತಂತಿ) ಕಪ್ಪಾಗಿ ಸುಟ್ಟ ಬೆಲ್ಲದ ವಾಸನೆ.

ಕಸ್ಟರ್ಡ್, ಬೆಣ್ಣೆ ತರಹದ ಫ್ಲೇವರ್ ಕೊಳ್ಳುವಾಗ ಡೈಅಸಿಟೈಲ್ (ಬೆಣ್ಣೆ ರುಚಿ ಕೊಡುವ ರಾಸಾಯನಿಕ) ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ತಿನ್ನೋಕೆ ತೊಂದರೆ ಇಲ್ಲ, ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಹೊಸಬ_ಬೆಂಗಳೂರು:
ಮಧ್ಯೆ ಬಾಯಿ ಹಾಕುತ್ತೇನೆ. ಅಡುಗೆಮನೆಯ ಏಲಕ್ಕಿ ಎಣ್ಣೆ ಎರಡು ಹನಿ ಹಾಕಿದರೆ ಆಗಲ್ವಾ? ಊರಿಗೆ ಬರುವಾಗ ಅಣ್ಣನಿಗೆ ಲಿಕ್ವಿಡ್ ತರೋಕೆ ಹೇಳೋಣ ಅಂತಲೂ ಇದ್ದೆ.

ತಕ್ಕಡಿ:
ಎರಡಕ್ಕೂ ಬೇಡ. ಎಣ್ಣೆ ಹೊಟ್ಟೆಗೆ ಹೋದರೆ ಜೀರ್ಣವಾಗುತ್ತದೆ, ಶ್ವಾಸಕೋಶಕ್ಕೆ ಹೋದರೆ ಅಲ್ಲೇ ಕೂತು ನ್ಯುಮೋನಿಯಾ ತರಬಹುದು. ಎಣ್ಣೆಯಲ್ಲಿ ಕರಗಿಸಿದ ಬೇಕರಿ ಎಸೆನ್ಸ್ ಕೂಡ ಹಾಗೇ. ಭಾರತದಲ್ಲಿ 2019ರ ಕಾನೂನಿನ ಪ್ರಕಾರ ಇ-ಸಿಗರೇಟ್ ತಯಾರಿಸುವುದು, ಆಮದು, ಮಾರಾಟ ಎಲ್ಲ ನಿಷೇಧ. ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಅಣ್ಣನ ಬ್ಯಾಗಿನಲ್ಲಿ ಚಾಕೊಲೇಟ್ ಬರಲಿ.

ಸಿಗರೇಟ್‌ಬಿಟ್ಟವ:
ಆ ಎರಡು ಬಾಟಲಿ ಚೆಲ್ಲಬೇಕಾ?

ಕಾಫಿಪುಡಿ:
ಯಾಕೆ? 20 ಪರ್ಸೆಂಟ್‌ನ 100 ಎಂಎಲ್‌ಗೆ ಖಾಲಿ ಬೇಸ್ (ಫ್ಲೇವರ್ ಇಲ್ಲದ ಪಿಜಿ-ವಿಜಿ ಮಿಶ್ರಣ) 200 ಎಂಎಲ್ ಸೇರಿಸಿ, ಆರೂಮುಕ್ಕಾಲರ ಹತ್ತಿರ ಬರುತ್ತದೆ. ನಿಕೋಟಿನ್ ಹಾಕಿದ್ದರೆ ಅದೂ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ, ಮತ್ತೆ ಲೆಕ್ಕ ಮಾಡಿಕೊಳ್ಳಿ. ನಿಕೋಟಿನ್ ಬಾಟಲಿ ಮುಟ್ಟುವಾಗ ಗ್ಲೌಸ್ ಹಾಕಿ, ಮನೆಯಲ್ಲಿ ಮಕ್ಕಳಿದ್ದರೆ ಬೀಗ ಹಾಕಿಡಿ.

ಸಿಗರೇಟ್‌ಬಿಟ್ಟವ:
ನಾಲ್ಕು ದಿನದ ಮೇಲೆ ಬರೆಯುತ್ತಿದ್ದೇನೆ. ಮೂರು ಪುಟ್ಟ ಬಾಟಲಿ ಮಾಡಿದೆ. 2 ಪರ್ಸೆಂಟ್‌ದು ನೀರಿನ ಥರ ಸಪ್ಪೆ. 6ರಲ್ಲಿ ಮತ್ತೆ ಆ ಸೋಪು ಇಣುಕುತ್ತಿದೆ. 4ರಲ್ಲಿ ಮಾತ್ರ ಸ್ಟ್ರಾಬೆರಿ ಸ್ಟ್ರಾಬೆರಿ ಥರಾನೇ ಇದೆ, ಹೆಂಡತಿ ಪಕ್ಕದ ರೂಮಿನಿಂದ "ಜಾಮ್ ತೆಗೆದ್ರಾ?" ಅಂತ ಕೇಳಿದಳು. 5ರ ಸ್ಟ್ರಾಬೆರಿಗೆ 6ರ ಕಸ್ಟರ್ಡ್ ಸೇರಿಸಿ, ತಾರೀಖು ಬರೆದು ಕಪಾಟಿನಲ್ಲಿ ಇಟ್ಟಿದ್ದೇನೆ. ಮೂರು ವಾರ ಮುಟ್ಟುವುದಿಲ್ಲ. ಹೆಚ್ಚಂದ್ರೆ ಒಂದು ಸಲ ಮುಚ್ಚಳ ತೆಗೆದು ಮೂಸಿ ನೋಡಬಹುದು, ಅಲ್ವಾ?