ಪದಚರ್ಚೆ: ‘ಟೈಮ್ ಝೋನ್’ ಕಾಲವಲಯವೋ, ಹೊತ್ತುಪಟ್ಟಿಯೋ?

ಕಾರವಾರದಿಂದ:

ಮಾನ್ಯರೇ, ಬೈತಖೋಲ ಬಂದರಿನ ಮೀನು ಹರಾಜಿಗೆ ಚೀಟಿ ಮುದ್ರಿಸುವ ತಂತ್ರಾಂಶವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ, ಸೋಮವಾರದೊಳಗೆ ಒಪ್ಪಿಸಬೇಕು. ‘ಟೈಮ್ ಝೋನ್’ (ಒಂದೇ ಗಡಿಯಾರ ಪಾಲಿಸುವ ಪ್ರದೇಶ), ‘ಲೋಕಲ್ ಟೈಮ್’, ‘ಯುಟಿಸಿ’ (ಲೋಕದ ಗಡಿಯಾರಗಳಿಗೆಲ್ಲ ಆಧಾರವಾದ ಸಮಯ) ಈ ಮೂರರಲ್ಲಿ ಸಿಕ್ಕಿಕೊಂಡಿದ್ದೇನೆ. ಯಂತ್ರ ಕೂರಿಸಿದವರು ‘ಟೈಮ್ ಝೋನ್’ ಆಯ್ಕೆಯನ್ನು ಮುಟ್ಟದೆ ಯುಟಿಸಿಯಲ್ಲೇ ಬಿಟ್ಟುಹೋಗಿದ್ದರು. ಯುಟಿಸಿಯ ನಡುರಾತ್ರಿ ನಮಗೆ ಬೆಳಗಿನ ಐದೂವರೆಯಾದ್ದರಿಂದ, ಅದಕ್ಕಿಂತ ಮೊದಲು ಹರಾಜಾದ ಬಂಗಡೆಯ ಚೀಟಿಗಳ ಮೇಲೆಲ್ಲ ಹಿಂದಿನ ದಿನದ ತಾರೀಕು ಬಿದ್ದಿತ್ತು. ಅಂಕೋಲೆಯ ವ್ಯಾಪಾರಿಯೊಬ್ಬರು ಚೀಟಿ ತೋರಿಸಿ ‘ಇದು ನಿನ್ನೆಯ ಮೀನು’ ಎಂದು ದರ ಇಳಿಸಿ ಕೂತರು. ಆಯ್ಕೆಯ ಹೆಸರು ತಿಳಿಗನ್ನಡದಲ್ಲಿದ್ದಿದ್ದರೆ ಗುಮಾಸ್ತರೇ ಸರಿಪಡಿಸಿಕೊಳ್ಳುತ್ತಿದ್ದರು. ‘ಕಾಲವಲಯ’ ಸಾಕೇ?

ಶಿರಸಿಯಿಂದ:

ಸಾಲದು. ‘ವಲಯ’ವೆಂದರೆ ಬಳೆ. ಭೂಮಿಯನ್ನು ಅಡ್ಡಲಾಗಿ ಬಳೆಯಂತೆ ಸುತ್ತಿದ ಉಷ್ಣವಲಯಕ್ಕೆ ಆ ಹೆಸರು ಒಪ್ಪುತ್ತದೆ. ಧ್ರುವದಿಂದ ಧ್ರುವಕ್ಕೆ ಕಿತ್ತಳೆಯ ತೊಳೆಯಂತೆ ಇಳಿಯುವ ಪಟ್ಟಿಗೆ ಒಪ್ಪುವುದಿಲ್ಲ. ಹಳಗನ್ನಡದ ‘ಪೊೞ್ತು’ ನಮ್ಮ ಬಾಯಲ್ಲಿ ‘ಹೊತ್ತು’ ಆಗಿ ಇನ್ನೂ ಜೀವಂತವಾಗಿದೆ. ತಮಿಳಿನ ಪೊೞುದು, ತೆಲುಗಿನ ಪೊದ್ದು ಅದರ ಒಡಹುಟ್ಟುಗಳು. ಆದ್ದರಿಂದ ‘ಹೊತ್ತುಪಟ್ಟಿ’, ‘ಊರಹೊತ್ತು’, ‘ಲೋಕಹೊತ್ತು’ ಎಂದು ಬಳಸಿರಿ. ಮನೆಯಂಗಳದಲ್ಲೇ ಇಂಥ ಬೇರು ಇರುವಾಗ ಕಡ ತರುವುದು ಸೋಮಾರಿತನ.

ಕುಮಟಾದಿಂದ:

ಬಳೆಯ ವಾದವನ್ನು ಒಪ್ಪಿದೆ. ಹೊತ್ತಿನ ವಾದ ಮಾತ್ರ ಹೂಡಿದವರಿಗೇ ತಿರುಗುಬಾಣ. ‘ಹೊತ್ತು ಮುಳುಗಿತು’ ಎಂದಾಗ ಮುಳುಗುವುದು ಸೂರ್ಯನೇ ಹೊರತು ಗಡಿಯಾರವಲ್ಲ. ಭಾರತದ ಗಡಿಯಾರ ನಡೆಯುವುದು ಮಿರ್ಜಾಪುರದ ಸಮೀಪ ಹಾಯುವ 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ಕಾರವಾರವಿರುವುದು 74 ಡಿಗ್ರಿಯನ್ನು ತುಸು ದಾಟಿದಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ಎಣಿಸಿದರೆ, ಗೋಡೆಯ ಗಡಿಯಾರ ಹನ್ನೆರಡು ಹೊಡೆದ ಮೇಲೆ ಬೈತಖೋಲದಲ್ಲಿ ಸೂರ್ಯ ನಡುಬಾನಿಗೆ ಬರಲು ಸರಾಸರಿ 33 ನಿಮಿಷ ಬೇಕು. ‘ಊರಹೊತ್ತು’ ಎಂದು ಬರೆದರೆ ನೀವು ಹೇಳಿದ್ದು ಆ ಸೂರ್ಯನನ್ನು, ಅಂದರೆ ಪಂಚಾಂಗದವರಿಗೆ ಬೇಕಾದುದನ್ನು. ತಂತ್ರಾಂಶ ಕೇಳುತ್ತಿರುವುದು ಅದನ್ನಲ್ಲ. 1906ರ ಜನವರಿ 1ರಿಂದ ಜಾರಿಗೆ ಬಂದ, ಒಪ್ಪಂದದ ಅಳತೆಯನ್ನು. ಆ ಒಪ್ಪಂದವಾದ ಮೇಲೂ ಮುಂಬಯಿ ನಗರದಲ್ಲಿ 39 ನಿಮಿಷ ಹಿಂದಿದ್ದ ‘ಬಾಂಬೆ ಟೈಮ್’ 1955ರ ತನಕ ಉಳಿದಿತ್ತು. ಒಂದೇ ಸೂರ್ಯನ ಕೆಳಗೆ, ಒಂದೇ ನಗರದಲ್ಲಿ ಎರಡು ಮಾನಗಳು. ಚಾಂದ್ರಮಾನ, ಸೌರಮಾನಗಳ ಸಾಲಿನಲ್ಲೇ ನಿಲ್ಲುವ ‘ಕಾಲಮಾನ’ವೇ ಇಲ್ಲಿ ತಕ್ಕ ಪದ. ಕ್ರಿಕೆಟ್ ಪಂದ್ಯದ ಸುದ್ದಿಯಲ್ಲಿ ‘ಭಾರತೀಯ ಕಾಲಮಾನದ ಪ್ರಕಾರ’ ಎಂಬುದನ್ನು ನಿಮ್ಮ ಗುಮಾಸ್ತರು ಎಷ್ಟೋ ಸಲ ಓದಿರುತ್ತಾರೆ.

ಯುಟಿಸಿಯನ್ನು ಅನುವಾದಿಸಬೇಡಿ. ಇಂಗ್ಲಿಷಿನ (ಕೋಆರ್ಡಿನೇಟೆಡ್ ಯೂನಿವರ್ಸಲ್ ಟೈಮ್) ಕ್ರಮದಲ್ಲಿ ಸಿಯುಟಿ, ಫ್ರೆಂಚಿನ ಕ್ರಮದಲ್ಲಿ ಟಿಯುಸಿ ಆಗಬೇಕಿದ್ದುದನ್ನು, ಇಬ್ಬರಿಗೂ ಬೇಡವೆಂದು ಯುಟಿಸಿ ಮಾಡಿಕೊಂಡರು. ಯಾವ ಭಾಷೆಯ ಪದಗುಚ್ಛಕ್ಕೂ ಹೊಂದದ ಆ ಮೂರಕ್ಷರಗಳನ್ನು ‘ಲೋಕಹೊತ್ತು’ ಮಾಡಿ ಯಾರನ್ನು ಮೆಚ್ಚಿಸಬೇಕಾಗಿದೆ?

ಶಿರಸಿಯಿಂದ, ಮತ್ತೆ:

‘ಈಗಿನ ಕಾಲಮಾನದಲ್ಲಿ ಯಾರನ್ನೂ ನಂಬುವಂತಿಲ್ಲ’ ಎಂಬ ಮಾತನ್ನು ಕುಮಟೆಯಲ್ಲಿ ಯಾರೂ ಆಡುವುದಿಲ್ಲವೇ? ಆ ಪದಕ್ಕೆ ‘ಯುಗ’ದ ಅರ್ಥ ಆಗಲೇ ಅಂಟಿದೆ. ಪತ್ರಿಕೆಯವರು ಬರೆದದ್ದನ್ನೆಲ್ಲ ಪ್ರಮಾಣವೆಂದು ಹಿಡಿದರೆ ಪದಚರ್ಚೆಯೇ ಬೇಡ, ಪೇಪರು ತರಿಸಿದರೆ ಸಾಕು. ಕಡದ ಪದಕ್ಕೆ ಬಾಗಿಲು ತೆರೆದಿಟ್ಟವರು ಕೊನೆಗೆ ‘ಟೈಮ್ ಝೋನ್’ ಎಂದೇ ಬರೆದು ಕೈ ತೊಳೆದುಕೊಳ್ಳುತ್ತಾರೆ.

ಕುಮಟಾದಿಂದ, ಮತ್ತೆ:

‘ಬಂದರು’ ಪಾರಸಿಯದು, ‘ತಾರೀಕು’ ಅರಬ್ಬಿಯದು, ‘ಹರಾಜು’ ಕೂಡ ಅಲ್ಲಿಂದಲೇ ಬಂದದ್ದು; ತಾವು ಜತನದಿಂದ ಇಟ್ಟುಕೊಂಡ ‘ಪಟ್ಟಿ’ಗೆ ಸಂಸ್ಕೃತದ ಪಟ್ಟಿಕೆಯ ನಂಟಿದೆ. ಬೈತಖೋಲದ ಚೀಟಿಯಿಂದ ಇವನ್ನೆಲ್ಲ ತೆಗೆದರೆ ಉಳಿಯುವುದು ಮೀನೊಂದೇ, ಅದೂ ಸಂಸ್ಕೃತದವರು ತಮ್ಮದೆನ್ನದಿದ್ದರೆ. ‘ಈಗಿನ ಕಾಲಮಾನ’ದ ಆಕ್ಷೇಪಕ್ಕೆ ಉತ್ತರವಿಷ್ಟೇ: ಮುಂದೆ ‘ಭಾರತೀಯ’ ಎಂದು ಸೇರಿಸಿದಾಗ ಯಾರೂ ಅದನ್ನು ಯುಗವೆಂದು ಓದುವುದಿಲ್ಲ. ನನ್ನ ಮಟ್ಟಿಗೆ ಈ ಚರ್ಚೆ ಮುಗಿಯಿತು.

ಕಾರವಾರದಿಂದ:

ಇಬ್ಬರಿಗೂ ಋಣಿ. ಕುಮಟಾದ ಮಾಸ್ತರರ ‘ಕಾಲಮಾನ’ವನ್ನೇ ಹಿಡಿದಿದ್ದೇನೆ, ಶಿರಸಿಯವರ ಬಳೆ ಮನಸ್ಸಿನಲ್ಲಿ ನಿಂತದ್ದರಿಂದ ‘ವಲಯ’ವನ್ನು ಬಿಟ್ಟಿದ್ದೇನೆ. ಪರದೆಯ ಮೇಲೆ ಈಗ ‘ಯಾವ ಕಾಲಮಾನ?’ ಎಂಬ ಪ್ರಶ್ನೆ ಇದೆ. ಕೆಳಗಿನ ಯಾದಿಯಲ್ಲಿ ನಮ್ಮ ದೇಶಕ್ಕಿದ್ದದ್ದು ‘ಏಷ್ಯಾ/ಕೋಲ್ಕತಾ’ ಎಂಬ ಒಂದೇ ಸಾಲು. ಮೊನ್ನೆ ಗುಮಾಸ್ತರು ಅದರಲ್ಲಿ ಕಾರವಾರವನ್ನು ಹುಡುಕಿ, ಆಮೇಲೆ ಬೆಂಗಳೂರನ್ನು ಹುಡುಕಿ, ಕೊನೆಗೆ ಹಾಗೆಯೇ ಮುಚ್ಚಿದ್ದರಂತೆ. ಒಳಗಿನ ಆ ಸಂಕೇತವನ್ನು ಮುಟ್ಟದೆ, ಹೊರಗೆ ಕಾಣುವಲ್ಲಿ ‘ಭಾರತೀಯ ಕಾಲಮಾನ, ಯುಟಿಸಿ +5:30’ ಎಂದು ಬರೆಸಿದ್ದೇನೆ. ‘ಲೋಕಲ್ ಟೈಮ್’ಗೆ ‘ಇಲ್ಲಿಯ ಗಡಿಯಾರ’ ಎಂದಿಟ್ಟಿದ್ದೇನೆ. ಅದು ಗುಮಾಸ್ತರದೇ ಮಾತು. ಇಂದು ನಸುಕಿನಲ್ಲಿ 4.50ಕ್ಕೆ ತೆಗೆದ ಚೀಟಿಯಲ್ಲಿ ಇಂದಿನದೇ ತಾರೀಕು ಬಂದಿದೆ.

‘ಡೇಲೈಟ್ ಸೇವಿಂಗ್’ (ಕೆಲವು ದೇಶಗಳಲ್ಲಿ ಬೇಸಿಗೆಗೆ ಗಡಿಯಾರ ಮುಂದಿಡುವ ಪದ್ಧತಿ) ಎಂಬ ಸಾಲೊಂದು ಉಳಿದಿತ್ತು. ನಮ್ಮಲ್ಲಿ ಅದಕ್ಕೆ ಕೆಲಸವಿಲ್ಲದ ಕಾರಣ ಪರದೆಯಿಂದಲೇ ತೆಗೆಸಿದ್ದೇನೆ. ದಯವಿಟ್ಟು ಅದಕ್ಕೊಂದು ಪದ ಹುಡುಕುವ ಶ್ರಮ ಯಾರಿಗೂ ಬೇಡ.